ಮಿಕ್ಕ ದುಡ್ಡು ಶೆರಿಫ್ ಜೇಬಿಗೆ

ಇಂಗ್ಲಿಷ್ ಕೌಬಾಯ್ ಸಿನಿಮಾ ನೋಡಿದವರಿಗೆಲ್ಲ ಶೆರಿಫ್ ಗೊತ್ತು. ಎದೆ ಮೇಲೆ ನಕ್ಷತ್ರ, ಸೊಂಟದಲ್ಲಿ ಪಿಸ್ತೂಲು. ಆದರೆ ಈ ಹುದ್ದೆ ಅಮೆರಿಕದ್ದಲ್ಲ. ಸಾವಿರ ವರ್ಷದ ಹಿಂದೆಯೇ ಇಂಗ್ಲೆಂಡಿನಲ್ಲಿತ್ತು. ‘ಶೈರ್’ ಅಂದರೆ ಜಿಲ್ಲೆಯಂಥ ಸೀಮೆ, ‘ರೀವ್’ ಅಂದರೆ ಅಧಿಕಾರಿ. ಎರಡೂ ಸೇರಿ ಜನರ ಬಾಯಲ್ಲಿ ಶೆರಿಫ್ ಆಯಿತು.

ಕಳ್ಳರನ್ನು ಹಿಡಿಯುವುದರ ಜೊತೆಗೆ ರಾಜನಿಗೆ ಕಂದಾಯ ಎತ್ತುವುದೂ ಇವರ ಕೆಲಸ. ಅದರ ಲೆಕ್ಕ ನಮ್ಮಲ್ಲಿ ಸಂತೆ ಸುಂಕ ಹರಾಜು ಹಿಡಿದವರ ಲೆಕ್ಕದಂತೆಯೇ. ರಾಜನಿಗೆ ಇಂತಿಷ್ಟು ಎಂದು ಕಟ್ಟಬೇಕು, ಅದರ ಮೇಲೆ ಎಷ್ಟು ಹಿಂಡಿದರೂ ತನಗೆ. ಹಿಂಡದೆ ಬಿಡುತ್ತಾರೆಯೇ? ದೂರು ಎಷ್ಟಾಯಿತೆಂದರೆ 1170ರಲ್ಲಿ ಎರಡನೇ ಹೆನ್ರಿ ವಿಚಾರಣೆ ಮಾಡಿಸಿ ಬಹುತೇಕ ಶೆರಿಫ್‌ಗಳನ್ನು ಮನೆಗೆ ಕಳಿಸಿದ. ರಾಬಿನ್ ಹುಡ್ ಕಥೆಯಲ್ಲಿ ಶೆರಿಫ್ ಖಳನಾಯಕನಾದದ್ದು ಸುಮ್ಮನೆ ಅಲ್ಲ.

ಇಂದು ಹೆಸರು ಒಂದೇ, ಕೆಲಸ ಬೇರೆ ಬೇರೆ. ಇಂಗ್ಲೆಂಡಿನಲ್ಲಿ ಅದು ಒಂದು ವರ್ಷದ, ಸಂಬಳವಿಲ್ಲದ ಗೌರವ ಹುದ್ದೆ. ಸ್ಕಾಟ್ಲೆಂಡಿನಲ್ಲಿ ಶೆರಿಫ್ ಅಂದರೆ ನ್ಯಾಯಾಧೀಶರು. ಬ್ರಿಟಿಷರು ಬಿಟ್ಟುಹೋದ ಮುಂಬೈ ಶೆರಿಫ್ ಹುದ್ದೆಯೂ ಗೌರವದ್ದೇ. ದಿಲೀಪ್ ಕುಮಾರ್, ಸುನಿಲ್ ಗವಾಸ್ಕರ್ ಅದರಲ್ಲಿ ಕೂತಿದ್ದರು.

ನಿಜವಾದ ಅಧಿಕಾರ ಉಳಿದಿರುವುದು ಅಮೆರಿಕದಲ್ಲಿ. ಅಲ್ಲಿ ಹೆಚ್ಚಿನ ಕಡೆ ಶೆರಿಫ್‌ನನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಕೌಂಟಿ ಅಂದರೆ ಅಲ್ಲಿನ ಜಿಲ್ಲೆ. ಅದರ ಜೈಲಿನ ಬೀಗದ ಕೈ ಸಾಮಾನ್ಯವಾಗಿ ಅವನದೇ. ‘ಪೊಲೀಸ್ ಮುಖ್ಯಸ್ಥನನ್ನೂ ಜನರೇ ಆರಿಸಿದರೆ ಎಲ್ಲ ಸರಿಹೋಗುತ್ತೆ’ ಎನ್ನುವವರು ಅಲಬಾಮ ರಾಜ್ಯದ ಕಥೆ ಕೇಳಬೇಕು.

ಅಲ್ಲಿ ಕೈದಿಯ ಊಟಕ್ಕೆ ರಾಜ್ಯ ಕೊಡುತ್ತಿದ್ದದ್ದು ದಿನಕ್ಕೆ 1.75 ಡಾಲರ್. ಅದರಲ್ಲಿ ಮಿಕ್ಕಿದ್ದನ್ನು ಶೆರಿಫ್ ಇಟ್ಟುಕೊಳ್ಳಬಹುದು ಎಂದು ಹಳೇ ಕಾನೂನಿಗೆ ಅರ್ಥ ಹಚ್ಚಿಕೊಂಡಿದ್ದರು. ಮಾರ್ಗನ್ ಕೌಂಟಿಯ ಶೆರಿಫ್ ಮೂರು ವರ್ಷದಲ್ಲಿ ಹೀಗೆ ಎರಡು ಲಕ್ಷ ಡಾಲರಿಗೂ ಹೆಚ್ಚು ಉಳಿಸಿಕೊಂಡ. ಕೈದಿಗಳಿಗೆ ವಾರಗಟ್ಟಲೆ ಒಂದೇ ತಿಂಡಿ, ಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ ಸಾಸೇಜು. 2009ರಲ್ಲಿ ಫೆಡರಲ್ ನ್ಯಾಯಾಧೀಶರು ಅವನನ್ನೇ ಜೈಲಿಗೆ ಕಳಿಸಿದರು.

ಆಮೇಲಾದರೂ ನಿಂತಿತೇ? ಇಲ್ಲ. 2018ರಲ್ಲಿ ಎಟೋವಾ ಕೌಂಟಿಯ ಸುದ್ದಿ ಹೊರಬಿತ್ತು. ಶೆರಿಫ್ ಮನೆಯ ಹುಲ್ಲು ಕತ್ತರಿಸಿದ ಹುಡುಗನಿಗೆ ಕೂಲಿ ಚೆಕ್ಕಿನಲ್ಲಿ ಬಂದಿತ್ತು. ಚೆಕ್ಕಿನ ಮೇಲೆ ಕೈದಿಗಳ ಊಟದ ಖಾತೆಯ ಹೆಸರು! ಕೆದಕಿದರೆ ಏಳೂವರೆ ಲಕ್ಷ ಡಾಲರ್, ಜೊತೆಗೆ ಕಡಲ ತೀರದ ಮನೆ. ‘ಕಾನೂನೇ ಅವಕಾಶ ಕೊಟ್ಟಿದೆ’ ಎಂದ ಶೆರಿಫ್. ಆ ಜೂನ್‌ನಲ್ಲಿ ಪಕ್ಷದ ಒಳಚುನಾವಣೆಯಲ್ಲೇ ಜನ ಸೋಲಿಸಿದರು.

ಹಾಗಾದರೆ ಓಟು ಕೆಲಸ ಮಾಡಿತಲ್ಲ ಅನ್ನಬಹುದು. ಮಾಡಿತು, ಚೆಕ್ಕು ಪತ್ರಕರ್ತನ ಕೈಗೆ ಸಿಕ್ಕ ಮೇಲೆ. ಅಲ್ಲಿಯತನಕ ಹಸಿದವರ ಮಾತು ಜೈಲಿನ ಗೋಡೆ ದಾಟಿರಲಿಲ್ಲ. ನನ್ನ ಪ್ರಕಾರ ಶೆರಿಫ್‌ನನ್ನು ರಾಜ ನೇಮಿಸಿದನೋ ಜನ ಆರಿಸಿದರೋ ಎಂಬುದು ಆಮೇಲಿನ ಮಾತು. ಮಿಕ್ಕಿದ್ದು ತನಗೆ ಎನ್ನುವ ಲೆಕ್ಕ ಇರುವತನಕ ಕಂದಾಯವಾದರೂ ಅಷ್ಟೇ, ಅನ್ನವಾದರೂ ಅಷ್ಟೇ. ಅಲಬಾಮ ಆ ಕಾನೂನನ್ನು ಬದಲಿಸಿದ್ದು 2019ರಲ್ಲಿ, ಹೆನ್ರಿಯ ವಿಚಾರಣೆಯಾಗಿ 849 ವರ್ಷಕ್ಕೆ.