ಪುಡಿ ಊದುವ ಕೈಯಂತ್ರ

ಮಕ್ಕಳೇ, ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಎಂದರೆ ತೊಗರಿ ಸೀಮೆ. ಹೂವು ಕಾಯಿ ಕಟ್ಟುವ ಹೊತ್ತಿಗೆ ಅಲ್ಲಿ ಕಾಯಿಕೊರಕ ಹುಳುವಿನ ಕಾಟ. ಇಂಥ ಹುಳುಗಳ ಮೇಲೆ ಔಷಧದ ಪುಡಿ ಹಾಕಲು ರೈತರು ಬಳಸುತ್ತಿದ್ದ ಸಾಧನವೇ ಡಸ್ಟರ್. ಶಾಲೆಯ ಹಲಗೆ ಒರೆಸುವ ಡಸ್ಟರ್ ಅಲ್ಲ! ಇದಕ್ಕೆ ಪುಡಿ ತುಂಬುವ ಡಬ್ಬಿ, ತಿರುಗಿಸುವ ಹಿಡಿ, ಉದ್ದನೆಯ ಕೊಳವೆ ಇರುತ್ತವೆ. ಹಿಡಿ ತಿರುಗಿಸಿದರೆ ಒಳಗಿನ ಫ್ಯಾನು ಗಾಳಿ ಊದಿ, ಪುಡಿಯನ್ನು ಹೊಗೆಯಂತೆ ಹರಡುತ್ತದೆ. ಯಂತ್ರ ಇಲ್ಲದವರು ತೆಳು ಬಟ್ಟೆಯಲ್ಲಿ ಪುಡಿ ಕಟ್ಟಿ, ಕೋಲಿನಿಂದ ತಟ್ಟುತ್ತಿದ್ದರು.

ಈ ಕೆಲಸಕ್ಕೆ ನಸುಕೇ ಸರಿಯಾದ ಹೊತ್ತು. ಎಲೆಯ ಮೇಲೆ ಇಬ್ಬನಿ ಇದ್ದರೆ ಪುಡಿ ಅಂಟುತ್ತದೆ. ಗಾಳಿ ಎದ್ದರೆ ಗಿಡ ಬಿಟ್ಟು ಮನುಷ್ಯರ ಮೂಗು ಸೇರುತ್ತದೆ. ಹಿಂದೆ ಬಹಳ ಬಳಕೆಯಲ್ಲಿದ್ದ ಬಿಎಚ್‌ಸಿ ಪುಡಿ ಮಣ್ಣಿನಲ್ಲಿ, ಮೈಯಲ್ಲಿ ಬಹುಕಾಲ ಉಳಿಯುವ ವಿಷ. 1997ರಲ್ಲಿ ಭಾರತ ಅದನ್ನು ನಿಷೇಧಿಸಿತು.

ವಿಷವಿಲ್ಲದ ಉಪಾಯವೂ ಇದೆ. ಗಿಡದ ಕೆಳಗೆ ಹಳೆಯ ಸೀರೆ ಇಲ್ಲವೇ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ ಹುಳು ಉದುರಿಸುವುದು. ಬಿದ್ದ ಹುಳು ಕೋಳಿಗೆ ಊಟ!

ಮನೆಯ ಹಳೆ ಸಾಮಾನಿನಲ್ಲಿ ಡಸ್ಟರ್ ಕಂಡರೆ ಮುಟ್ಟಬೇಡಿ; ಒಳಗೆ ಪುಡಿ ಉಳಿದಿರಬಹುದು. ಮುತ್ಯಾನನ್ನು ಕರೆಯಿರಿ, ದೂರ ಕೂತು ಅದರ ಕತೆ ಕೇಳಿ.