ಸೆಟ್ ನಡುವೆ ಕೂತವನು ಸೋಮಾರಿನಾ?

ಸಂಜೆ ಆರರ ಮೇಲೆ ಹಾಸ್ಟೆಲ್ ಜಿಮ್‌ಗೆ ಹೋದ್ರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಕೂರಬೇಡ, ಮುಂದಿನ ಸೆಟ್ ಹೊಡಿ!" ಬೆವರು ಸುರಿದು ಏದುಸಿರು ಬಂದ್ರೆ ಮಾತ್ರ ವರ್ಕೌಟ್ ಅಂತ ನಮ್ಮವರ ನಂಬಿಕೆ. ಎರಡು ಸೆಟ್ ನಡುವೆ ಮೂರು ನಿಮಿಷ ಸುಮ್ಮನೆ ಕೂತವನಿಗೆ ಸೋಮಾರಿ ಅನ್ನೋ ಬಿರುದು. ಮೈ ಬೆಳೀಬೇಕು ಅಂತಿದ್ರೆ ಆ ಸೋಮಾರಿ ಮಾಡ್ತಿರೋದೇ ಸರಿ ಅನ್ನೋದು ನನ್ನ ವಾದ.

ಈ ಅವಸರಕ್ಕೆ ಜಿಮ್ ಭಾಷೆಯಲ್ಲಿ ಡೆನ್ಸಿಟಿ ಅಂತಾರೆ. ಎತ್ತಿದ ಒಟ್ಟು ಭಾರವನ್ನು ಹಿಡಿದ ಸಮಯದಿಂದ ಭಾಗಿಸಿದರೆ ಬರುವ ಸಂಖ್ಯೆ. ನಮ್ಮ ಪವರ್ ಸೂತ್ರದ ತಮ್ಮ ಇದ್ದ ಹಾಗೆ. ಒಂದು ಲೆಕ್ಕ ಹಾಕೋಣ. 50 ಕೆಜಿ ಬೆಂಚ್ ಪ್ರೆಸ್, ಮೂರು ಸೆಟ್, ಒಂದೊಂದಕ್ಕೆ 40 ಸೆಕೆಂಡ್ ಅಂತ ಇಟ್ಕೊಳ್ಳಿ. ಮೂರು ನಿಮಿಷ ಬಿಡುವು ಕೊಟ್ಟವನು 10, 9, 8 ಸಲ ಎತ್ತುತ್ತಾನೆ: 8 ನಿಮಿಷದಲ್ಲಿ 1350 ಕೆಜಿ. ಒಂದೇ ನಿಮಿಷ ಬಿಡುವು ಕೊಟ್ಟವನಿಗೆ ಕೈ ಸೋತು 10, 7, 5: 4 ನಿಮಿಷದಲ್ಲಿ 1100 ಕೆಜಿ. ನಿಮಿಷದ ಲೆಕ್ಕದಲ್ಲಿ ಮೊದಲನೆಯವನದು ಸುಮಾರು 169, ಎರಡನೆಯವನದು 275. ಡೆನ್ಸಿಟಿಯಲ್ಲಿ ಗೆದ್ದವನು ಮಾಡಿದ ಕೆಲಸ ಮಾತ್ರ ಕಡಿಮೆ!

ಸ್ನಾಯು ಗಡಿಯಾರ ನೋಡಲ್ಲ. 2016ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ತಂಡ ಮೊದಲೇ ತೂಕ ಎತ್ತಿ ಅಭ್ಯಾಸವಿದ್ದ 21 ಯುವಕರನ್ನು ಎರಡು ಗುಂಪು ಮಾಡಿ 8 ವಾರ ತಾಲೀಮು ಕೊಟ್ಟಿತು. ಅದೇ ವ್ಯಾಯಾಮ, ಅಷ್ಟೇ ಸೆಟ್. ಬಿಡುವು ಮಾತ್ರ ಒಂದು ಗುಂಪಿಗೆ 1 ನಿಮಿಷ, ಇನ್ನೊಂದಕ್ಕೆ 3. ಸ್ಕ್ವಾಟ್ ಮತ್ತು ಬೆಂಚ್ ಬಲ, ತೊಡೆಯ ಮುಂಭಾಗದ ದಪ್ಪ ಎರಡರಲ್ಲೂ ಮೂರು ನಿಮಿಷದವರು ಮುಂದಿದ್ದರು. 21 ಜನ ಅಂದ್ರೆ ನಮ್ಮ ಅರ್ಧ ಕ್ಲಾಸೂ ಅಲ್ಲ, ಒಪ್ತೀನಿ. ಆದರೆ ಮೇಲಿನ ಲೆಕ್ಕಕ್ಕೆ ಇದು ಸರಿಯಾಗಿ ಹೊಂದುತ್ತೆ.

ಇನ್ನೊಂದು ಗೀಳು ಸೆಟ್‌ನ ಅವಧಿಯದು. "ಸೆಟ್ 40 ಸೆಕೆಂಡ್ ದಾಟಲೇಬೇಕು, ನಿಧಾನವಾಗಿ ಇಳಿಸು" ಅಂತ ಫೋನಲ್ಲಿ ಟೈಮರ್ ಇಡೋರಿದ್ದಾರೆ. ಒಂದು ರೆಪ್‌ಗೆ ಅರ್ಧ ಸೆಕೆಂಡಿನಿಂದ 8 ಸೆಕೆಂಡ್‌ವರೆಗೆ ಎಷ್ಟೇ ಹಿಡಿದರೂ, ಸೆಟ್ಟನ್ನು ಇನ್ನು ಆಗಲ್ಲ ಅನ್ನೋವರೆಗೆ ಒಯ್ದರೆ, ಬೆಳವಣಿಗೆ ಹೆಚ್ಚುಕಮ್ಮಿ ಒಂದೇ ಅಂತ 2015ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಬೇಕಂತಲೇ ಇನ್ನೂ ಎಳೆದರೆ ತೂಕ ಇಳಿಸಬೇಕಾಗುತ್ತೆ, ಲಾಭವೂ ಇಳಿಯುತ್ತೆ. ಕೊನೆಯ ಎರಡು ರೆಪ್ ತಾವಾಗಿಯೇ ನಿಧಾನ ಆಗ್ತವಲ್ಲ, ನೋಡಬೇಕಾದ ನಿಧಾನ ಅದು.

ಹಾಗಂತ ಡೆನ್ಸಿಟಿ ದಂಡ ಅಂತ ಹೇಳ್ತಿಲ್ಲ. ಇಂಟರ್ನಲ್ಸ್ ವಾರದಲ್ಲಿ ಸಿಗೋದೇ ಅರ್ಧ ಗಂಟೆ. ಸಮಯ ಕಟ್ಟಿಹಾಕಿದಾಗ ಚಿಕ್ಕ ಬಿಡುವಲ್ಲಿ ಇನ್ನೆರಡು ಸೆಟ್ ಸೇರಿಸಿ ಕೆಲಸದ ಕೊರತೆ ತುಂಬಿಸಬಹುದು. ಸ್ಕ್ವಾಟ್‌ನಲ್ಲಿ ಮಾತ್ರ ಕಾಲಿಗಿಂತ ಮೊದಲು ಉಸಿರು ಕೈಕೊಡುತ್ತೆ. ಅದಕ್ಕಿಂತ ಜಾಣತನ ಅಂದ್ರೆ ಎದುರುಬದುರು ಸ್ನಾಯುಗಳನ್ನು ಜೋಡಿ ಮಾಡೋದು: ಬೆಂಚ್ ಪ್ರೆಸ್ ಒಂದು ಸೆಟ್, ಆಮೇಲೆ ಬೆನ್ನಿಗೆ ರೋ ಒಂದು ಸೆಟ್. ಬೆನ್ನು ದುಡಿಯುವಾಗ ಎದೆಗೆ ರಜೆ. ಅಮೆರಿಕದ ಕೋಚ್ ಚಾರ್ಲ್ಸ್ ಸ್ಟೇಲಿ ತಮ್ಮ ಡೆನ್ಸಿಟಿ ಪದ್ಧತಿಯನ್ನು ಕಟ್ಟಿದ್ದು ಇಂಥ ಜೋಡಿಗಳ ಮೇಲೇ, 15 ನಿಮಿಷದ ಕಂತುಗಳಲ್ಲಿ.

ನನಗೆ ಸಿಟ್ಟು ಬರೋದು ಹೊಸಬರ ವಿಷಯಕ್ಕೆ. ಮೊದಲ ಸೆಮ್ ಹುಡುಗ ಬರ್ತಾನೆ, ಅವನನ್ನು ಓಡಿಸಿ ಓಡಿಸಿ ವಾಂತಿ ಬರೋ ಹಾಗೆ ಮಾಡ್ತಾರೆ, ಎರಡನೇ ವಾರಕ್ಕೆ ಆಸಾಮಿ ನಾಪತ್ತೆ. ಅವನು ಸೋಮಾರಿ ಆಗಿರಲಿಲ್ಲ, ಅವನಿಗೆ ಉಸಿರಾಡೋಕೆ ಬಿಡಲಿಲ್ಲ ಅಷ್ಟೇ.

"ಇರೋದೇ ಎರಡು ಬೆಂಚ್, ಎಲ್ಲರೂ ಕೂತ್ರೆ ಹೇಗೆ?" ಅಂತ ಕೇಳ್ತೀರಿ. ಒಂದು ಬೆಂಚಿಗೆ ಮೂವರು ಸೇರಿ. ಒಬ್ಬ ಎತ್ತುವಾಗ ಒಬ್ಬ ಹಿಂದೆ ನಿಂತು ಕಾಯ್ಲಿ, ಇನ್ನೊಬ್ಬ ಕೂರ್ಲಿ. ಪ್ಲೇಟ್ ಬದಲಾಯಿಸೋದೂ ಸೇರಿ ಸರದಿ ಸುತ್ತಿ ಬರುವಷ್ಟರಲ್ಲಿ ಎರಡು ನಿಮಿಷ ಆಗಿರುತ್ತೆ.