ಗುರಿ ಇರಲಿ, ಗಜಕಡ್ಡಿಯೂ ಇರಲಿ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಮುಗಿಲಿಗೆ ಏಣಿ ಹಾಕು ಎಂದು ಇಂದಿನ ಭಾಷಣಕಾರರು ಹೇಳುತ್ತಾರೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ಚಪ್ಪಾಳೆ ಬೀಳುವುದು ಎರಡನೆಯ ಮಾತಿಗೆ. ಹಲವು ವರ್ಷಗಳಿಂದ ಅಂಥ ವೇದಿಕೆಗಳ ಕೆಳಗೆ ಮಕ್ಕಳ ಸಾಲು ಸರಿಪಡಿಸುತ್ತಾ ನಿಂತಿರುವ ನಮಗೆ ಈ ಎರಡು ಮಾತುಗಳ ನಡುವೆ ಮೂರನೆಯದೊಂದು ಇರಬೇಕೆಂದು ತೋರುತ್ತಿತ್ತು. ಅದೇನೆಂದು ಸ್ಪಷ್ಟವಾದದ್ದು ಒಂದು ಬೇಸಗೆ ರಜೆಯಲ್ಲಿ, ಗಡಹಿಂಗ್ಲಜದಲ್ಲಿ, ಗಾಲ್ಫ್ ಎಂಬ ಆಟದ ನೆಪದಿಂದ.

ಗಾಲ್ಫ್ ಎಂದ ಕೂಡಲೇ ವಾಚಕರು ಪುಟ ಮಗುಚಬಾರದಾಗಿ ವಿನಂತಿ. ಅದು ಸಿರಿವಂತರ ಆಟವೆಂಬುದು ನಮಗೂ ಗೊತ್ತು. ನಮ್ಮ ಕಡೆಯವರಿಗೆ ಅದರ ಪರಿಚಯವೆಂದರೆ ಮಂಗಳೂರಿನ ಪಿಲಿಕುಳಕ್ಕೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ದೂರದಿಂದ ಕಾಣುವ ಹಸಿರು ಬಯಲು, ಅಷ್ಟೆ. ಆದರೆ ನಾವು ಇಲ್ಲಿ ಹೇಳಹೊರಟದ್ದು ಆ ಆಟದೊಳಗಿನ ಒಂದು ಲೆಕ್ಕದ ಬಗ್ಗೆ. ಲೆಕ್ಕ ಯಾರ ಸ್ವತ್ತೂ ಅಲ್ಲ.

ಗಡಹಿಂಗ್ಲಜ ಕೊಲ್ಹಾಪುರ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಹಿರಣ್ಯಕೇಶಿ ಹೊಳೆ, ಎರಡೂ ಬದಿಗೆ ಕಬ್ಬು, ಕೈಯಳತೆಯಲ್ಲಿ ಕರ್ನಾಟಕದ ಸಂಕೇಶ್ವರ. ಪೇಟೆಯಲ್ಲಿ ಮರಾಠಿ, ಹಲವು ಮನೆಗಳೊಳಗೆ ಕನ್ನಡ. ಹೊರಗೊಂದು ಭಾಷೆ, ಒಳಗೊಂದು ಭಾಷೆಯ ಬಾಳು ನಮ್ಮವರಿಗೆ ಹೊಸತಲ್ಲವಾದುದರಿಂದ ಅಲ್ಲಿ ನಮಗೆ ಪರಸ್ಥಳದಲ್ಲಿದ್ದಂತೆ ಅನಿಸಲಿಲ್ಲ. ಆ ಊರಿನ ಹುಡುಗರಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಸಂಜೆಯಾದರೆ ಮೈದಾನದಲ್ಲಿ ಧೂಳು ಏಳುತ್ತದೆ.

ಅಲ್ಲಿರುವ ನಮ್ಮ ಬಂಧುವೊಬ್ಬರು ಐವತ್ತು ದಾಟಿದವರು. ಕೆಲಸದ ನಿಮಿತ್ತ ಕೆಲವು ವರ್ಷ ಬೆಳಗಾವಿಯಲ್ಲಿದ್ದಾಗ ಗಾಲ್ಫ್ ಹಿಡಿಸಿಕೊಂಡರು. ಬೆಳಗಾವಿಯ ಗಾಲ್ಫ್ ಮೈದಾನದ ಹೆಸರು 2022ರ ಆಗಸ್ಟ್‌ನಲ್ಲಿ ಎಲ್ಲ ಪತ್ರಿಕೆಗಳಲ್ಲಿ ಬಂದಿತ್ತು. ಅಲ್ಲಿ ಚಿರತೆಯೊಂದು ಅವಿತುಕೊಂಡು, ಸುತ್ತಲಿನ ಇಪ್ಪತ್ತಕ್ಕೂ ಹೆಚ್ಚು ಶಾಲೆಗಳಿಗೆ ದಿನಗಟ್ಟಲೆ ರಜೆ ಕೊಡಬೇಕಾಯಿತು. ಶಿಕ್ಷಕರಾದ ನಮಗೆ ಆ ಮೈದಾನ ನೆನಪಿದ್ದದ್ದು ಆ ರಜೆಯಿಂದಲೇ.

ಬಂಧುಗಳು ನಮಗೆ ತಮ್ಮ ಒಂದು ನೋಟುಪುಸ್ತಕ ತೋರಿಸಿದರು. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ, "ಒಂದು ವರ್ಷದಲ್ಲಿ 80ರೊಳಗೆ" ಎಂದು ಬರೆದಿದ್ದರು. ಗಾಲ್ಫಿನಲ್ಲಿ ಹದಿನೆಂಟು ಕುಳಿ. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನೇ ಜಾಣ. ಪಳಗಿದ ಆಟಗಾರನಿಗೆ ಇಡೀ ಸುತ್ತಿಗೆ ಸಾಧಾರಣ 72 ಹೊಡೆತ ಸಾಕೆಂದು ಅಂದಾಜು. ಅದಕ್ಕೆ ಪಾರ್ ಎನ್ನುತ್ತಾರೆ. ನಮ್ಮ ಬಂಧುಗಳು ಆರಂಭಿಸಿದ್ದು 116ರಿಂದ. ವಾರಕ್ಕೊಮ್ಮೆ ಆಡುವ ಸಂಸಾರಿ ಒಂದು ವರ್ಷದಲ್ಲಿ 36 ಹೊಡೆತ ಇಳಿಸಬೇಕೆಂದರೆ ಹೇಗೆ? ಆರು ತಿಂಗಳಾದರೂ 108ಕ್ಕಿಂತ ಕೆಳಗಿಳಿಯಲಿಲ್ಲ. ಬೇಸತ್ತು ಕೋಲುಗಳನ್ನು ಅಟ್ಟಕ್ಕೆ ಹಾಕಿದರು.

ನಾಲ್ಕು ತಿಂಗಳ ನಂತರ ಅವರನ್ನು ಮತ್ತೆ ಇಳಿಸಿದ್ದು, ಅಲ್ಲಿ ಚೀಲ ಹೊರುತ್ತಿದ್ದ ಒಬ್ಬ ಹಿರಿಯನ ಪ್ರಶ್ನೆ. "ಸಾಹೇಬರೇ, ನೂರೆಂಟರಲ್ಲಿ ಕುಳಿಯ ಹತ್ತಿರ ಬಂದ ಮೇಲೆ ಹೊಡೆದದ್ದು ಎಷ್ಟು?" ಇವರಿಗೆ ಗೊತ್ತಿರಲಿಲ್ಲ. ಎಣಿಸಿ ನೋಡಿದರೆ 44. ದೂರ ಹೊಡೆಯಬೇಕೆಂದು ತೋಳು ನೋಯಿಸಿಕೊಳ್ಳುತ್ತಿದ್ದ ಮನುಷ್ಯ ಹೊಡೆತಗಳನ್ನು ಕಳೆದುಕೊಳ್ಳುತ್ತಿದ್ದದ್ದು ಅಂಗಳದಲ್ಲಿ! ಪಾರ್‌ನ ಲೆಕ್ಕದಲ್ಲಿಯೇ ಒಂದೊಂದು ಕುಳಿಯ ಬಳಿ ಎರಡೆರಡು ಹೊಡೆತ, ಅಂದರೆ 72ರಲ್ಲಿ ಸರಿಯಾಗಿ ಅರ್ಧ, 36, ಈ ಮೆಲ್ಲನೆಯ ತಳ್ಳುಗೆ ಮೀಸಲಾಗಿದೆ. ಇನ್ನೂರು ಗಜದ ಹೊಡೆತಕ್ಕೂ ಒಂದೇ ಎಣಿಕೆ, ಒಂದು ಗೇಣಿನ ತಳ್ಳಿಗೂ ಒಂದೇ ಎಣಿಕೆ.

ಅಂದು ಅವರು ಮೊದಲ ಪುಟಕ್ಕೆ ಗೀಟು ಎಳೆದು ಹೊಸದಾಗಿ ಬರೆದರು. "ಮೂರು ತಿಂಗಳು. ಯಾವ ಕುಳಿಯ ಬಳಿಯೂ ಮೂರನೆಯ ತಳ್ಳು ಬೇಡ. ದಿನಕ್ಕೆ ಇಪ್ಪತ್ತು ನಿಮಿಷ ಅಭ್ಯಾಸ." ಮನೆಯ ಚಾವಡಿಯಲ್ಲಿ ಚಾಪೆ ಹಾಸಿ ಲೋಟವೊಂದನ್ನು ಮಲಗಿಸಿ ಅಭ್ಯಾಸ ಮಾಡಿದರಂತೆ. ವರ್ಷದ ಕೊನೆಗೆ 99. ನೂರರೊಳಗೆ ಬಂದ ದಿನದ ಪುಟದಲ್ಲಿ ಕುಂಕುಮದ ಬೊಟ್ಟು ಇದೆ. ಅದನ್ನು ಇಟ್ಟದ್ದು ಮನೆಯಾಕೆ.

ಈ ಆಟದಲ್ಲಿ ಹ್ಯಾಂಡಿಕ್ಯಾಪ್ ಎಂಬ ಒಂದು ವ್ಯವಸ್ಥೆ ಇದೆ. ಪ್ರತಿಯೊಬ್ಬ ಹವ್ಯಾಸಿಗೂ ಅವನ ಶಕ್ತಿಗೆ ತಕ್ಕ ಒಂದು ಸಂಖ್ಯೆ. ಸರಳವಾಗಿ ಹೇಳುವುದಾದರೆ, ನೂರರ ಸುಮಾರಿಗೆ ಆಡುವವನಿಗೆ 28 ಹೊಡೆತಗಳ ರಿಯಾಯಿತಿ, ಎಂಬತ್ತರ ಸುಮಾರಿಗೆ ಆಡುವವನಿಗೆ ಎಂಟರ ರಿಯಾಯಿತಿ. ಇಬ್ಬರೂ ಒಟ್ಟಿಗೆ ಆಡಿದಾಗ ಅಂದು ತನ್ನ ಮಟ್ಟಕ್ಕಿಂತ ಚೆನ್ನಾಗಿ ಆಡಿದವನು ಗೆಲ್ಲುತ್ತಾನೆ. 2020ರಲ್ಲಿ ಜಗತ್ತಿಗೆಲ್ಲ ಒಂದೇ ನಿಯಮ ಬಂದಿತು. ಕೊನೆಯ ಇಪ್ಪತ್ತು ಸುತ್ತುಗಳಲ್ಲಿ ಉತ್ತಮವಾದ ಎಂಟನ್ನು ಹಿಡಿದು ಸರಾಸರಿ ತೆಗೆಯುತ್ತಾರೆ. ಗರಿಷ್ಠ ಮಿತಿ 54. ಎಂದರೆ ಹೊಸಬನಿಗೂ ಈ ಲೆಕ್ಕದಲ್ಲಿ ಜಾಗ ಉಂಟು. ಇನ್ನೂ ಒಂದು ಸೂಕ್ಷ್ಮ ಇದರಲ್ಲಿದೆ. ಸಂಖ್ಯೆ ಹುಟ್ಟುವುದು ಒಳ್ಳೆಯ ಎಂಟು ದಿನಗಳಿಂದ. ಆದುದರಿಂದ ಹೆಚ್ಚಿನ ದಿನಗಳಲ್ಲಿ ಆಟಗಾರ ತನ್ನ ಸಂಖ್ಯೆಯನ್ನು ಮುಟ್ಟುವುದೇ ಇಲ್ಲ. ಮುಟ್ಟದ ದಿನ ಅವನು ಸೋತನೆಂದು ಅರ್ಥವಲ್ಲ. ಅದು ಸಾಧಾರಣ ದಿನ, ಅಷ್ಟೆ.

ವೃತ್ತಿಪರರ ಪಾಡು ಕೂಡ ಹಾಗೆಯೇ. ಎಂಟು ಅಡಿ ದೂರದ ತಳ್ಳನ್ನು ಅಮೆರಿಕದ ಅತ್ಯುನ್ನತ ವೃತ್ತಿಪರರೂ ಸುಮಾರು ಅರ್ಧದಷ್ಟು ಸಲ ತಪ್ಪುತ್ತಾರೆ. ಭಾನುವಾರ ಮಾತ್ರ ಆಡುವ ಗೃಹಸ್ಥ ಅದೇ ಎಂಟು ಅಡಿ ತಪ್ಪಿದ್ದಕ್ಕೆ ಕೋಲು ನೆಲಕ್ಕೆ ಬಡಿಯುವುದು ಅಜ್ಞಾನ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡೋಣ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಹದಿನೆಂಟರ ಹುಡುಗಿಗೆ 41ನೇ ಸ್ಥಾನ. ಟೋಕಿಯೊದಲ್ಲಿ, 2021ರಲ್ಲಿ, ನಾಲ್ಕನೆಯ ಸ್ಥಾನ. ಪದಕ ತಪ್ಪಿದ್ದು ಒಂದೇ ಹೊಡೆತದಿಂದ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಕೊನೆಯ ದಿನಕ್ಕೆ ಏಳು ಹೊಡೆತ ಮುಂದಿದ್ದವರು ಅಂದು 77 ಆಡಿ ಬೆಳ್ಳಿಗೆ ಇಳಿದರು. ಆದರೂ ಏಷ್ಯನ್ ಕೂಟದ ಗಾಲ್ಫಿನಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರೇ. ಚಿನ್ನವೆಂಬುದು ಅವರ ಕೈಯಲ್ಲಿ ಇರಲಿಲ್ಲ. ಬೇರೆಯವರು ಅಂದು ಹೇಗೆ ಆಡುತ್ತಾರೆ, ಗಾಳಿ ಹೇಗೆ ಬೀಸುತ್ತದೆ ಎಂಬುದೂ ಅದರಲ್ಲಿ ಸೇರಿತ್ತು. ಅಭ್ಯಾಸವೊಂದೇ ಅವರ ಕೈಯಲ್ಲಿದ್ದದ್ದು.

ಕೊಲ್ಹಾಪುರದ ನೆಲದಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. ಅಲ್ಲಿನ ರಾಜಾರಾಮ್ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ್ 1948ರ ಲಂಡನ್ ಒಲಿಂಪಿಕ್ಸಿಗೆ ಹೋದಾಗ ಅವರ ಕಾಲಿಗೆ ಗೊತ್ತಿದ್ದದ್ದು ಮಣ್ಣಿನ ಅಖಾಡ. ಅಲ್ಲಿದ್ದದ್ದು ಮ್ಯಾಟ್, ನಿಯಮಗಳೂ ಬೇರೆ. ಆರನೆಯವರಾದರು. ಮುಂದಿನ ನಾಲ್ಕು ವರ್ಷ ಬೆವರು ಸುರಿಸಿದರು. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣ ಸಾಲದಾಗ ಅವರ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಖಾಶಾಬಾ ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು. ಅದೇ ಜಿಲ್ಲೆಯ ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2009ರಲ್ಲಿ ರೈಫಲ್ ಹಿಡಿದರು, 2022ರ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ನಾಲ್ಕನೆಯವರಾದರು, 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದರು. ಮರುದಿನ ಪತ್ರಿಕೆಯಲ್ಲಿ ಪದಕದ ಚಿತ್ರ ಬಂದಿತು. ನಡುವಿನ ಹದಿನೈದು ವರ್ಷಗಳ ಚಿತ್ರ ಬರಲು ಜಾಗ ಎಲ್ಲಿದೆ?

ಸಣ್ಣ ಗುರಿ ಇಟ್ಟರೆ ಮಕ್ಕಳು ಸಣ್ಣವರಾಗಿಯೇ ಉಳಿಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಯಕ್ಷಗಾನದಲ್ಲಿಯೇ ಇದೆ. ಮೇಳಕ್ಕೆ ಸೇರಿದ ಹುಡುಗ ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಪುಂಡುವೇಷ. ಕಿರೀಟವೇಷಕ್ಕೆ ಬರುವಾಗ ಅವನ ಕಾಲಿಗೆ ಸಾವಿರ ರಾತ್ರಿಗಳ ಹೆಜ್ಜೆ ಗೊತ್ತು. ಕೋಡಂಗಿಯ ಕಣ್ಣು ಕಿರೀಟದ ಮೇಲಿರಬಾರದೆಂದು ಯಾರೂ ಹೇಳಿಲ್ಲ. ಇಂದು ರಾತ್ರಿ ಕಲಿಯಬೇಕಾದ ಹೆಜ್ಜೆ ಯಾವುದೆಂದು ಅವನಿಗೆ ತಿಳಿದಿತ್ತು, ಅಷ್ಟೆ. ದೂರದ ಗುರಿ ಬೇಕು. ಅದರ ಜೊತೆಗೆ ನಾವು ಎಲ್ಲಿದ್ದೇವೆ, ನಿನ್ನೆಗಿಂತ ಎಷ್ಟು ಮುಂದೆ ಬಂದೆವು ಎಂದು ಅಳೆಯುವ ಗಜಕಡ್ಡಿಯೂ ಬೇಕು. ನಾವು ಹುಡುಕುತ್ತಿದ್ದ ಮೂರನೆಯ ಮಾತು ಇದೇ.

ಇಷ್ಟು ಉಪದೇಶ ಮಾಡಿದ ಮೇಲೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಎಂಟನೇ ತರಗತಿಯಲ್ಲಿ ಉದ್ದಜಿಗಿತದ ಒಬ್ಬ ಹುಡುಗನಿದ್ದ. ಶಾಲೆಯ ಅಂಗಳದಲ್ಲಿ 4.60 ಮೀಟರ್ ಹಾರಿದ. ನಮಗೆ ಉತ್ಸಾಹ ಬಂದಿತು. ಅಸೆಂಬ್ಲಿಯಲ್ಲಿ ಎಲ್ಲರ ಎದುರು, "ಇವನು ರಾಜ್ಯಮಟ್ಟಕ್ಕೆ ಹೋಗುವವನು" ಎಂದು ಸಾರಿಬಿಟ್ಟೆವು. ಉಪಜಿಲ್ಲಾ ಕೂಟದಲ್ಲಿ ಐದನೆಯವನಾದ. ಹಿಂದಿರುಗುವ ಬಸ್ಸಿನಲ್ಲಿ ಹುಡುಗ ಮಾತಾಡಲಿಲ್ಲ. "ಪರವಾಗಿಲ್ಲ, ಬರುವ ವರ್ಷ ನೋಡೋಣ" ಎಂದೆವು. ಬರುವ ವರ್ಷ ಅವನು ಮೈದಾನಕ್ಕೆ ಇಳಿಯಲಿಲ್ಲ.

ಈಗ ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಾಗ, "ಮಾಷ್ಟ್ರೇ, ಆ ದಿನ ನಾನು ಎಷ್ಟು ಹಾರಿದ್ದೆ?" ಎಂದು ಕೇಳಿದ. ನಮಗೆ ನೆನಪಿರಲಿಲ್ಲ. ಮನೆಗೆ ಬಂದು ಹಳೆಯ ಪುಸ್ತಕ ಹುಡುಕಿದೆವು. 4.85 ಎಂದು ನಮ್ಮದೇ ಅಕ್ಷರದಲ್ಲಿ ಇತ್ತು. ತನ್ನ ಅದುವರೆಗಿನ ಜಿಗಿತಕ್ಕಿಂತ ಇಪ್ಪತ್ತೈದು ಸೆಂಟಿಮೀಟರ್ ಹೆಚ್ಚು! ಅಂದು ಅವನು ತನ್ನ ಜೀವನದ ಅತ್ಯುತ್ತಮ ಜಿಗಿತ ಹಾರಿದ್ದ. ನಾವು ಅದನ್ನು ಬರೆದುಕೊಂಡಿದ್ದೆವು, ಆದರೆ ನೋಡಿರಲಿಲ್ಲ. ನಮ್ಮ ಕಣ್ಣು ಐದನೆಯ ಸ್ಥಾನದ ಮೇಲಿತ್ತು. ಅವನಿಗೆ ಒಂದು ಹ್ಯಾಂಡಿಕ್ಯಾಪಿನ ಲೆಕ್ಕ ಹೇಳುವವರಿದ್ದಿದ್ದರೆ ಆ ದಿನ ಬಸ್ಸಿನಲ್ಲಿ ಅವನು ನಗುತ್ತಾ ಬರುತ್ತಿದ್ದ. ರಾಜ್ಯಮಟ್ಟಕ್ಕೆ ಹೋಗುತ್ತಿದ್ದನೋ ಇಲ್ಲವೋ ಬೇರೆ ಮಾತು. ಮೈದಾನವನ್ನಂತೂ ಬಿಡುತ್ತಿರಲಿಲ್ಲ.

ಆದುದರಿಂದ ತಂದೆತಾಯಿಗಳಲ್ಲಿಯೂ ಸಹೋದ್ಯೋಗಿಗಳಲ್ಲಿಯೂ ನಮ್ಮ ಅರಿಕೆ ಇಷ್ಟು. ಮೊದಲು ಮಗು ಈಗ ಎಲ್ಲಿದೆ ಎಂದು ಅಳೆದು ದಿನಾಂಕ ಸಹಿತ ಬರೆದಿಡಿ. ಒಂದು ದಿನದ ಅಳತೆ ಸಾಲದು, ಐದಾರು ದಿನದ್ದು ಬೇಕು. ಎಲ್ಲಿ ಸೋರುತ್ತಿದೆ ಎಂದು ಎಣಿಸಿ ನೋಡಿ. ಜಿಗಿತದಲ್ಲಿ ಸೋರುವುದು ಓಟದಲ್ಲಿ ಇರಬಹುದು, ಗಣಿತದಲ್ಲಿ ಸೋರುವುದು ಮಗ್ಗಿಯಲ್ಲಿ ಇರಬಹುದು. ಮೂರು ತಿಂಗಳಲ್ಲಿ ಮುಟ್ಟಬಹುದಾದ ಒಂದೇ ಗುರಿ ಇಡಿ, ಅದೂ ಮಗುವಿನ ಕೈಯೊಳಗಿನದು ಇರಲಿ. "ಮೊದಲ ಸ್ಥಾನ ಬರಬೇಕು" ಎಂಬುದು ಮಗುವಿನ ಕೈಯಲ್ಲಿಲ್ಲ. "ದಿನಕ್ಕೆ ಹತ್ತು ಸಲ ಹೆಜ್ಜೆ ಅಳೆದು ಓಡುತ್ತೇನೆ" ಎಂಬುದು ಇದೆ. ಒಂದು ಕೆಟ್ಟ ದಿನಕ್ಕೆ ಗುರಿ ಬದಲಿಸಬೇಡಿ, ಒಂದು ಒಳ್ಳೆಯ ದಿನಕ್ಕೆ ಅಸೆಂಬ್ಲಿಯಲ್ಲಿ ಸಾರಬೇಡಿ. ಕೊನೆಯದಾಗಿ, ಹವ್ಯಾಸಿ ಎಂಬುದು ಕೀಳು ಪದವಲ್ಲ. 1930ರಲ್ಲಿ ಒಂದೇ ವರ್ಷ ಆಗಿನ ನಾಲ್ಕು ಮಹಾ ಗಾಲ್ಫ್ ಪಂದ್ಯಾವಳಿಗಳನ್ನು ಗೆದ್ದ ಅಮೆರಿಕದ ಬಾಬಿ ಜೋನ್ಸ್ ವಕೀಲರು, ಹವ್ಯಾಸಿಯಾಗಿಯೇ ಆಡಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಸ್ಪರ್ಧೆಗಳಿಂದ ನಿವೃತ್ತರಾದವರು. ಪ್ರೀತಿಗಾಗಿ ಆಡುವವನಿಗೆ ಪದಕ ಬರದಿದ್ದರೂ ಆಟ ಉಳಿಯುತ್ತದೆ.

ಉಪಜಿಲ್ಲೆ, ಕಂದಾಯ ಜಿಲ್ಲೆ, ರಾಜ್ಯ ಎಂದು ಮೆಟ್ಟಲು ಮೆಟ್ಟಲಾಗಿ ಶಾಲಾ ಕ್ರೀಡಾಕೂಟಗಳು ಪ್ರತಿ ವರ್ಷ ಬರುತ್ತವೆ. ನಮ್ಮ ಕನ್ನಡ ಶಾಲೆಗಳ ಮಕ್ಕಳೂ ಹೋಗುತ್ತಾರೆ. ಅವರಲ್ಲಿ ಹೆಚ್ಚಿನವರು ಪದಕವಿಲ್ಲದೆ ಹಿಂದಿರುಗುತ್ತಾರೆ. ಆ ಸಂಜೆ ಅವರನ್ನು ಬಸ್ಸಿನಿಂದ ಇಳಿಸಿಕೊಳ್ಳುವಾಗ, "ಎಷ್ಟನೆಯವನಾದೆ?" ಎಂದು ಕೇಳುವ ಮೊದಲು "ಎಷ್ಟು ಹಾರಿದೆ?" ಎಂದು ಕೇಳೋಣ. ನಾವು ಆ ಪ್ರಶ್ನೆಯನ್ನು ತಡವಾಗಿ ಕಲಿತೆವು. ವಾಚಕರ ಮನೆಗಳಲ್ಲಿ ಹಾಗೆ ಆಗದಿರಲಿ.